ಬೀರುವಿನೊಳಗಿನ ಹೂಡಿಕೆ

ದೂರದ ಯಾವುದೋ ದೇಶದ ಹಣ ಒಂದಿಷ್ಟು ಏರಿದರೆ ಲೋಕಕ್ಕೆ ಏನೇನು ಅನಾಹುತವಾಗುತ್ತದೆ ಎಂಬುದನ್ನು ಬಲ್ಲವರು ಹೇಳಲಿ. ಕನ್ನಡಕದಂಗಡಿಯ ಯಜಮಾನರ ಮನೆಯಲ್ಲಿ ಆಗುತ್ತಿದ್ದುದು ಇಷ್ಟು: ಹೆಂಡತಿ ಹಾಡು ಗುನುಗುತ್ತಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಳು, ಯಜಮಾನರು ಮುಖ ಜೋತುಹಾಕಿಕೊಂಡು ಚಹಾ ಹೀರುತ್ತಿದ್ದರು. ಕೈಯಾರೆ ತಂದುಕೊಂಡ ಸಂಕಟವಾದ್ದರಿಂದ ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂದು ಸುಮ್ಮನಿರಬೇಕಾಗಿತ್ತು.

ಯಜಮಾನರು ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯಲ್ಲಿ ಅವರೇ ಯಜಮಾನರು, ಅವರೇ ಗುಮಾಸ್ತರು, ಬೆಳಿಗ್ಗೆ ಕಸ ಗುಡಿಸುವವರೂ ಅವರೇ. ಮನೆಯಲ್ಲಿ ಹೆಂಡತಿಯೂ ‘ನಮ್ಮ ಯಜಮಾನರು’ ಎಂದೇ ಹೇಳುತ್ತಾಳೆ. ಆದರೆ ಅದು ಬರೀ ಗೌರವ ಪದವಿ, ಅಧಿಕಾರವೇನೂ ಅದರ ಜೊತೆಗೆ ಬರುವುದಿಲ್ಲ. ಅಧಿಕಾರವಿರುವುದು ಹೆಂಡತಿಯ ಕೈಚೀಲದಲ್ಲಿರುವ ಬೀರುವಿನ ಬೀಗದಕೈಯಲ್ಲಿ, ಅದರ ಮೇಲ್ವಿಚಾರಣೆ ಯಜಮಾನರ ತಾಯಿಯದು. (ಅತ್ತೆ ಸೊಸೆ ಎಂದರೆ ಹಾವು ಮುಂಗುಸಿ ಎಂದು ನಂಬಿ ಮದುವೆಯಾಗುವ ಗಂಡಸರಿಗೆ ಒಂದು ಎಚ್ಚರಿಕೆ: ಅವರಿಬ್ಬರೂ ಒಂದಾದರೆ ನಿಮಗೆ ಉಳಿಗಾಲವಿಲ್ಲ.)

ಅಂಗಡಿಯಲ್ಲಿ ಮಾರುವ ಫ್ರೇಮುಗಳೆಲ್ಲ ಹೊರದೇಶದಿಂದ ಬರುವಂಥವು. ಅಲ್ಲಿನ ಹಣ ಏರಿದ ಸುದ್ದಿ ಕಿವಿಗೆ ಬಿದ್ದರೆ ಸಾಕು, ಯಜಮಾನರು ಬಾಗಿಲು ತೆಗೆದವರೇ ಹಳೆಯ ಬೆಲೆಚೀಟಿ ಕಿತ್ತು ಹೊಸದನ್ನು ಅಂಟಿಸುತ್ತಿದ್ದರು. ಗಿರಾಕಿ ಹುಬ್ಬೇರಿಸಿದರೆ, “ಏನ್ ಮಾಡೋದು ಸಾರ್, ಅವರ ಹಣ ಏರಿಬಿಟ್ಟಿದೆ” ಎನ್ನುತ್ತಿದ್ದರು. ಮುಂದಿನ ತಿಂಗಳು ಅದೇ ಹಣ ಇಳಿದು, ಅದೇ ಗಿರಾಕಿ ಓಡಿಬಂದು ಕೇಳಿದರೆ, “ಏನ್ ಮಾಡೋದು ಸಾರ್, ಇದು ಹಳೇ ಸ್ಟಾಕು, ಏರಿದ್ದಾಗ ತಂದಿದ್ದು” ಎನ್ನುತ್ತಿದ್ದರು. ಈ ಎರಡು ವಾಕ್ಯಗಳ ಮೇಲೆ ಅಂಗಡಿ ಇಪ್ಪತ್ತು ವರ್ಷದಿಂದ ನಿಂತಿತ್ತು.

ಇಂಥ ಮನುಷ್ಯನಿಗೆ ಒಂದು ಆಸೆಯಿತ್ತು, ಒಂದು ಕ್ಯಾಮೆರಾದ ಆಸೆ. ನಾಲ್ಕು ಬೀದಿಯಾಚೆಯ ಕ್ಯಾಮೆರಾ ಅಂಗಡಿಯಲ್ಲಿ, ಗಾಜಿನ ಕಪಾಟಿನ ನಡುವಿನ ಅಂತಸ್ತಿನಲ್ಲಿ, ತನ್ನದೇ ಆದ ಸಣ್ಣ ದೀಪದ ಕೆಳಗೆ ಅದು ಕೂತಿರುತ್ತಿತ್ತು. ನೋಡಲು ಅಂಥ ದೊಡ್ಡದಲ್ಲ, ಮೈಯೆಲ್ಲ ಕಪ್ಪು, ಮುಂದೆ ಒಂದೇ ಒಂದು ಗಾಜಿನ ಕಣ್ಣು. ಹಗಲೆಲ್ಲ ಗಾಜಿನ ಜೊತೆಗೇ ಬದುಕುವ ಯಜಮಾನರು ಆ ಗಾಜನ್ನು ಕಂಡು ಮೂವತ್ತನೇ ವಯಸ್ಸಿನಲ್ಲಿ ಮರುಳಾದವರು ಐವತ್ತು ದಾಟಿದರೂ ಚೇತರಿಸಿಕೊಂಡಿರಲಿಲ್ಲ. ಊರಿನ ಗ್ರಂಥಾಲಯ ಪ್ರತಿ ವರ್ಷ ಛಾಯಾಚಿತ್ರ ಸ್ಪರ್ಧೆ ನಡೆಸುತ್ತದೆ. ಯಜಮಾನರು ತಮ್ಮ ಹಳೆಯ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳನ್ನು ಹನ್ನೊಂದು ಸಲ ಕಳಿಸಿ ಹನ್ನೊಂದು ಸಲವೂ ಬರಿಗೈಯಲ್ಲಿ ಬಂದಿದ್ದರು. ಪ್ರತಿ ಸಲವೂ ಮನೆಯಲ್ಲಿ ಒಂದೇ ಮಾತು: “ಕಣ್ಣು ನಂದು ಸರಿಯಾಗೇ ಇದೆ, ಕ್ಯಾಮೆರಾ ಸರಿಯಿಲ್ಲ.” ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾಯಿ ಗೊಣಗಿದರೆ ಅವರಿಗೆ ಕೇಳಿಸುತ್ತಿರಲಿಲ್ಲ.

ಕಷ್ಟವೆಂದರೆ ಆ ಕ್ಯಾಮೆರಾ ಕೈಗೆ ಸಿಗುವ ಹಾಗೆಯೇ ಇರಲಿಲ್ಲ. ಮೊದಲು ಅದರ ಬೆಲೆ ಅಂಗಡಿಯ ಮೂರು ತಿಂಗಳ ಗಳಿಕೆ. ಅಷ್ಟು ಕೂಡಿಸಿಕೊಂಡು ಹೋದಾಗ ಐದು ತಿಂಗಳದಾಗಿತ್ತು. ಐದು ಕೂಡಿಸಿದಾಗ ಏಳಾಗಿತ್ತು. ಕೊನೆಗೊಂದು ದಿನ ತಾಳ್ಮೆ ಕೆಟ್ಟು ಅಂಗಡಿಯವರನ್ನು ಕೇಳಿಯೇಬಿಟ್ಟರು. ಆ ಅಂಗಡಿಯವರು ಯಾವಾಗಲೂ ಬಿಳಿ ಕೈಗವಸು ಹಾಕಿಕೊಂಡೇ ಸಾಮಾನು ಮುಟ್ಟುತ್ತಿದ್ದುದರಿಂದ ಊರವರೆಲ್ಲ ಅವರನ್ನು ಕರೆಯುತ್ತಿದ್ದುದು ಬಿಳಿಗವಸು ಎಂದು.

“ಹೋದ ತಿಂಗಳಿಗಿಂತ ಜಾಸ್ತಿಯಾಗಿದೆಯಲ್ಲ ಸಾರ್? ಕ್ಯಾಮೆರಾ ಅದೇ, ದೀಪ ಅದೇ, ಮೇಲೆ ಕೂತಿರೋ ಧೂಳೂ ಅದೇ.”

“ಏನ್ ಮಾಡೋದು ಸಾರ್, ಅವರ ಹಣ ಏರಿಬಿಟ್ಟಿದೆ.”

“ಎರಡು ತಿಂಗಳ ಹಿಂದೆ ಇಳಿದಿತ್ತಲ್ಲ? ಆಗಲೂ ನೀವು ಇಳಿಸಲಿಲ್ಲ.”

“ಇದು ಹಳೇ ಸ್ಟಾಕು ಸಾರ್.”

ತಮ್ಮ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಯಜಮಾನರು ಕನ್ನಡಕ ಸರಿಮಾಡಿಕೊಂಡರು. ತಾನು ಕಳ್ಳ, ಪರರ ನಂಬ ಎನ್ನುತ್ತಾರಲ್ಲ, ಹಾಗೆ ಅವರು ಬಿಳಿಗವಸಿನ ಕಣ್ಣನ್ನೇ ನೋಡಿದರು. ಬಿಳಿಗವಸು ಕಣ್ಣು ತಪ್ಪಿಸಲಿಲ್ಲ. ಪಾಪ, ಇನ್ನಷ್ಟು ವಿವರಿಸಿದರು.

“ನೋಡಿ ಸಾರ್, ನಮ್ಮ ಹಣ ಸೊರಗಿದ್ರೆ ಅಲ್ಲಿನ ಬೆಲೆ ಹಾಗೇ ಇದ್ರೂ ಇಲ್ಲಿ ಏರುತ್ತೆ. ಗಡಿಯಲ್ಲಿ ಸುಂಕ ಕಟ್ಟೋದು ಆ ಏರಿದ ಬೆಲೆ ಮೇಲೆ, ಹಾಗಾಗಿ ಸುಂಕವೂ ಏರುತ್ತೆ. ದಾರಿಯ ವಿಮೆಯೂ ಅಷ್ಟೇ. ಇದೆಲ್ಲ ಇಲ್ಲದ ವರ್ಷ ಕಾರ್ಖಾನೆಯವರೇ ಏರಿಸ್ತಾರೆ. ಅಲ್ಲಿ ಕೈಯಲ್ಲೇ ಜೋಡಿಸೋದು, ಬೆಳಿಗ್ಗೆಯಿಂದ ಸಂಜೆವರೆಗೆ ಎಣಿಸಿದಷ್ಟು. ಹಿತ್ತಾಳೆ ದುಬಾರಿ, ಗಾಜು ದುಬಾರಿ, ಜೋಡಿಸೋರು ಇನ್ನೂ ದುಬಾರಿ. ಮೇಲಾಗಿ, ಬೆಲೆ ಏರಿಸಿದ್ರೆ ಜನ ಜಾಸ್ತಿ ಬರ್ತಾರೆ.”

“ಏರಿಸಿದ್ರೆ ಕಮ್ಮಿ ಬರಬೇಕಲ್ಲ?”

“ಕನ್ನಡಕಕ್ಕೆ ಹಾಗೆ. ಇದು ದೊಡ್ಡವರ ಸಾಮಾನು. ಇಳಿಸಿದ್ರೆ ‘ಏನೋ ಕೆಟ್ಟಿರಬೇಕು’ ಅಂತ ವಾಪಸ್ಸು ಹೋಗ್ತಾರೆ. ಅದಕ್ಕೇ ಇಂಥದ್ದು ಏರೋದೇ ಹೊರತು ಇಳಿಯೋದಿಲ್ಲ.”

ಆ ಕೊನೆಯ ಮಾತು ಯಜಮಾನರ ತಲೆಯಲ್ಲಿ ದೀಪ ಹಚ್ಚಿತು. ಏರುವುದೇ ಹೊರತು ಇಳಿಯುವುದಿಲ್ಲ ಎಂದಮೇಲೆ ಇದು ಖರ್ಚು ಹೇಗಾದೀತು? ಇದು ಹೂಡಿಕೆ. ಈ ಒಂದು ಪದವನ್ನು ನಾಲಿಗೆಯ ಮೇಲೆ ಹೊರಳಿಸುತ್ತಾ ಅವರು ಮನೆಯ ಮೆಟ್ಟಿಲು ಎರಡೆರಡು ಹಾರಿ ಹತ್ತಿದರು. ಅಷ್ಟು ಸಂತೋಷ ಅವರಿಗೆ ಮದುವೆಯ ದಿನವೂ ಆಗಿರಲಿಲ್ಲ. (ಇದನ್ನು ಅವರು ಹೆಂಡತಿಗೆ ಹೇಳಿಲ್ಲ, ನೀವೂ ಹೇಳಬೇಡಿ.)

ಹೆಂಡತಿ ಕೆಲಸ ಮಾಡುವುದು ವಿದೇಶಿ ಹಣ ಬದಲಾಯಿಸುವ ಕೌಂಟರಿನಲ್ಲಿ. ದಪ್ಪ ಗಾಜಿನ ಹಿಂದೆ ಹದಿನಾರು ವರ್ಷದಿಂದ ಕೂತು, ಬೆಳಿಗ್ಗೆ ಎದ್ದರೆ ಯಾವ ದೇಶದ ಹಣ ಎಷ್ಟು ಎಂದು ಬೋರ್ಡಿನ ಮೇಲೆ ಬರೆಯುವವಳು. ಆ ಬೋರ್ಡಿನಲ್ಲಿ ಪ್ರತಿ ಹಣಕ್ಕೂ ಎರಡು ದರ, ಕೊಳ್ಳುವ ದರ ಒಂದು, ಮಾರುವ ದರ ಒಂದು. ಅವೆರಡರ ನಡುವಿನ ಸಂದಿನಲ್ಲೇ ಸಂಸಾರ ನಡೆಯಬೇಕು ಎಂಬುದು ಆಕೆಯ ಜೀವನದರ್ಶನ. ಅಡುಗೆಮನೆಯ ಕಪಾಟಿನ ಬಾಗಿಲು ಕೈಗೇ ಬರುತ್ತಿತ್ತು, ನಲ್ಲಿ ತಿರುಗಿಸಿದರೆ ಕೂಗುತ್ತಿತ್ತು. ಅದನ್ನೆಲ್ಲ ಹೊಸದು ಮಾಡಿಸಲು ಆಕೆ ನಾಲ್ಕು ವರ್ಷದಿಂದ ಹಣ ಕೂಡಿಸುತ್ತಿದ್ದಳು. ಯಜಮಾನರು ಕಣ್ಣು ಹಾಕಿದ್ದು ಅದಕ್ಕೇ.

“ಅಡುಗೆಮನೆ ದುಡ್ಡಾ?” ಎಂದಳು ಹೆಂಡತಿ, ತರಕಾರಿ ಹೆಚ್ಚುವ ಚಾಕು ಹಾಗೇ ನಿಲ್ಲಿಸಿ.

“ಪೂರ್ತಿ ಕೇಳೇ. ಆ ದುಡ್ಡು ಬ್ಯಾಂಕಲ್ಲಿ ಮಲಗಿದೆ. ನಮ್ಮ ಹಣ ದಿನಾ ಸೊರಗ್ತಾ ಇದೆ ಅಂತ ನೀನೇ ಹೇಳ್ತೀಯ. ಸೊರಗೋ ಹಣ ಕೊಟ್ಟು ಏರೋ ವಸ್ತು ತಂದಿಟ್ಕೊಂಡ್ರೆ ತಪ್ಪೇನು? ಇದು ಖರ್ಚಲ್ಲ ಕಣೇ, ಹೂಡಿಕೆ.”

“ಇಳಿಯೋದೇ ಇಲ್ವಾ?”

“ಇಳಿದ ಚರಿತ್ರೆಯೇ ಇಲ್ಲ.”

“ನಮ್ಮ ಹಣ ಬಲವಾದ್ರೆ?”

“ಆಗ ಹಳೇ ಸ್ಟಾಕು.”

ಹೆಂಡತಿ ಚಾಕುವಿನ ಹಿಡಿಯಿಂದ ಮಣೆಯ ಮೇಲೆ ಏನೋ ಲೆಕ್ಕ ಗೀಚಿದಳು. ಅತ್ತೆಯ ಮುಖ ನೋಡಿದಳು. ಅತ್ತೆ ತಲೆಯಾಡಿಸಿದರು. “ಸರಿ, ತನ್ನಿ” ಎಂದಳು. ಹೆಂಡತಿ ಇಷ್ಟು ಸುಲಭವಾಗಿ ಒಪ್ಪಿದಾಗ ಗಂಡಸು ಕೂತು ಯೋಚಿಸಬೇಕು. ಯಜಮಾನರು ಕೂರಲಿಲ್ಲ, ತಮ್ಮ ಹಳೆಯ ಕ್ಯಾಮೆರಾವನ್ನೂ ಬಂದಷ್ಟಕ್ಕೆ ಮಾರಿ ಆ ಹಣವನ್ನೂ ಸೇರಿಸಿಕೊಂಡು ಓಡಿದರು.

ಪೆಟ್ಟಿಗೆ ಮನೆಗೆ ಬಂತು. ಬೂದುಬಣ್ಣದ ಗಟ್ಟಿ ಪೆಟ್ಟಿಗೆ, ಮುಚ್ಚಳದ ಎರಡೂ ಅಂಚಿನಲ್ಲಿ ಕಾರ್ಖಾನೆಯ ದುಂಡನೆಯ ಸೀಲು. ಯಜಮಾನರು ಕೈಕಾಲು ತೊಳೆದು, ಊಟದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಸೀಲಿನ ಅಂಚಿಗೆ ಉಗುರು ತಾಗಿಸಿದರು.

“ರೀ, ಏನ್ ಮಾಡ್ತಿದೀರ?”

“ತೆಗೀತಿದೀನಿ.”

“ಯಾಕೆ?”

ಇಪ್ಪತ್ತು ವರ್ಷದ ಆಸೆಗೆ ಯಾಕೆ ಎಂದು ಕೇಳಿದರೆ ಏನು ಹೇಳುವುದು? ಹೆಂಡತಿಯೇ ಮುಂದುವರಿಸಿದಳು. ಬಿಳಿಗವಸಿಗೆ ಆಕೆ ಆಗಲೇ ಫೋನು ಮಾಡಿ ವಿಚಾರಿಸಿದ್ದಳು. ಸೀಲು ಒಡೆಯದ ಪೆಟ್ಟಿಗೆಗೆ ಪೂರ್ತಿ ಬೆಲೆ, ಒಡೆದ ಕ್ಷಣವೇ ನಾಲ್ಕರಲ್ಲಿ ಒಂದು ಪಾಲು ಹೋಯಿತು. “ಹೂಡಿಕೆ ಅಂದ್ರಲ್ಲ? ಹೂಡಿಕೇನ ಯಾರಾದ್ರೂ ಕುತ್ತಿಗೆಗೆ ನೇತುಹಾಕ್ಕೊಂಡು ಬೀದಿ ತಿರುಗ್ತಾರಾ?” ಎಂದು ಪೆಟ್ಟಿಗೆಯನ್ನು ಮೆಲ್ಲಗೆ ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಕಟ್ಟಿದವನೂ ಯಾವುದೋ ಕಾಲದಲ್ಲಿ ಹೂಡಿಕೆ ಮಾಡಿದ್ದಿರಬೇಕು.

ಆಮೇಲೆ ಹದಿನಾಲ್ಕು ತಿಂಗಳು ಮನೆಯಲ್ಲಿ ನಡೆದದ್ದು ವಿಚಿತ್ರ ಸಂಸಾರ. ನಮ್ಮ ಹಣ ಬಿದ್ದ ದಿನ ಹೆಂಡತಿ, “ರೀ, ಇವತ್ತು ಪೆಟ್ಟಿಗೆ ಬೀರುವಿನಲ್ಲಿ ಕೂತ ಹಾಗೇ ಎರಡು ಕುರ್ಚಿಯ ದುಡ್ಡು ದುಡಿದಿದೆ” ಎನ್ನುತ್ತಿದ್ದಳು. ಕಾರ್ಖಾನೆಯವರು ಬೆಲೆ ಏರಿಸಿದ ದಿನ ಒಂದು ಒಲೆಯ ದುಡ್ಡೇ ದುಡಿದಿತ್ತು. ಯಜಮಾನರು ಹೂಂ ಎನ್ನಬೇಕಾಗಿತ್ತು, ಹೂಡಿಕೆಯ ಸಿದ್ಧಾಂತ ಅವರದೇ ತಾನೆ. ಬೆಲೆ ಏರಿದಷ್ಟೂ ಸೀಲು ಒಡೆಯುವುದು ದುಬಾರಿಯಾಗುತ್ತಾ ಹೋಯಿತು, ಅವರ ಸಂಕಟವೂ ಅದರ ಜೊತೆಗೇ ಏರಿತು. ಅವರ ಮುಖ ನೋಡಲಾರದೆ ಹೆಂಡತಿ ಒಂದು ರಿಯಾಯಿತಿ ಕೊಟ್ಟಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಪೆಟ್ಟಿಗೆಯನ್ನು ಹೊರಗೆ ತೆಗೆದು ಕೊಡುತ್ತಿದ್ದಳು, ಮುಟ್ಟಬಹುದು, ತೆರೆಯುವ ಹಾಗಿಲ್ಲ. ಯಜಮಾನರು ಅದನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ಮೇಲೆ ಕೂರುತ್ತಿದ್ದರು, ಹಾಗೇ ನಿದ್ದೆ ಹೋಗುತ್ತಿದ್ದರು.

ಹೀಗಿರುವಾಗ ಗ್ರಂಥಾಲಯದವರು ಆ ವರ್ಷದ ಸ್ಪರ್ಧೆಯ ಚೀಟಿಯನ್ನು ಕನ್ನಡಕದಂಗಡಿಯ ಗಾಜಿಗೇ ತಂದು ಅಂಟಿಸಿದರು. ವಿಷಯ, ‘ಮನೆಯೊಳಗಿನ ಒಂದು ಗಳಿಗೆ’. ಒಬ್ಬರಿಗೆ ಒಂದೇ ಚಿತ್ರ. ಹನ್ನೊಂದು ಸೋಲಿನ ಲೆಕ್ಕ ಒಂದೇ ಏಟಿಗೆ ತೀರಿಸಬಲ್ಲ ಆಯುಧ ಬೀರುವಿನಲ್ಲಿ ಮಲಗಿದೆ, ತಾವು ಗಿರಾಕಿಗಳ ಮೂಗಿನ ಅಳತೆ ತೆಗೆಯುತ್ತಾ ನಿಂತಿದ್ದೇವೆ. ಯಜಮಾನರಿಗೆ ಅಂದು ಮೊದಲ ಬಾರಿಗೆ ನಿಜವಾಗಿ ಅಳು ಬಂತು. ಬೆಲೆ ಹಾಳಾಗಿ ಹೋಗಲಿ, ಈ ಜನ್ಮದಲ್ಲಿ ಒಂದು ಚಿತ್ರವನ್ನಾದರೂ ಆ ಗಾಜಿನಿಂದ ತೆಗೆದೇ ತೀರಬೇಕು ಎಂದು ನಿಶ್ಚಯಿಸಿದರು.

ಉಪಾಯ ಅವರ ವೃತ್ತಿಯಲ್ಲೇ ಇತ್ತು. ಕನ್ನಡಕದ ಕಾಲು ಬಗ್ಗಿಸಲು ಬಿಸಿಗಾಳಿ ಊದುವ ಸಣ್ಣ ಯಂತ್ರವೊಂದು ಅಂಗಡಿಯಲ್ಲಿದೆ. ಹದವಾಗಿ ಹಿಡಿದರೆ ಅಂಟು ಕರಗುತ್ತದೆ, ಕಾಗದಕ್ಕೆ ಏನೂ ಆಗುವುದಿಲ್ಲ. ಸೀಲು ಬಿಡಿಸಿ, ಕ್ಯಾಮೆರಾ ತೆಗೆದು, ಬದಲಿಗೆ ಅಷ್ಟೇ ತೂಕದ ಏನನ್ನಾದರೂ ಇಟ್ಟು ಮತ್ತೆ ಅಂಟಿಸಿದರಾಯಿತು. ಆ ಭಾನುವಾರ ಅತ್ತೆ ಸೊಸೆ ಇಬ್ಬರೂ ಪೆಟ್ಟಿಗೆಯನ್ನು ಅವರ ಮಡಿಲಿಗಿಟ್ಟು, ದೊಡ್ಡ ಚೀಲ ಹಿಡಿದು ಪೇಟೆಗೆ ಹೊರಟದ್ದೇ ತಡ, ಯಜಮಾನರು ಅಂಗಡಿಯಿಂದ ತಂದಿಟ್ಟಿದ್ದ ಯಂತ್ರಕ್ಕೆ ಪ್ಲಗ್ಗು ಚುಚ್ಚಿದರು. ಸೀಲು ತಾನೇ ಕಾದಿದ್ದಂತೆ ಸಲೀಸಾಗಿ ಬಿಟ್ಟುಕೊಂಡಿತು. ಅವರು ಅದನ್ನು ತಮ್ಮ ಕೈಚಳಕ ಎಂದುಕೊಂಡು ಹಿಗ್ಗಿದರು.

ಮುಚ್ಚಳ ತೆಗೆದರು. ಒಳಗೆ ಹಳೆಯ ಟವೆಲು. ಟವೆಲು ಬಿಡಿಸಿದರು. ಒಳಗೆ ಇಸ್ತ್ರಿಪೆಟ್ಟಿಗೆ.

ಅವರ ಮನೆಯದೇ ಇಸ್ತ್ರಿಪೆಟ್ಟಿಗೆ. ಸುಟ್ಟುಹೋಯಿತು, ಬಿಸಾಕಿದೆವು ಎಂದು ಕಳೆದ ವರ್ಷ ತಾಯಿ ಹೇಳಿದ್ದು ಇದನ್ನೇ. ಅದರ ವೈರನ್ನು ಅಚ್ಚುಕಟ್ಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿತ್ತು. ಹಾಗೆ ರಬ್ಬರ್ ಬ್ಯಾಂಡ್ ಹಾಕುವವರು, ದಿನಕ್ಕೆ ನೂರು ಕಟ್ಟು ನೋಟು ಎಣಿಸಿ ಎಣಿಸಿ ಅಭ್ಯಾಸವಾದವರು, ಆ ಮನೆಯಲ್ಲಿ ಒಬ್ಬರೇ. ಯಜಮಾನರು ಇಂಗು ತಿಂದ ಮಂಗನ ಹಾಗೆ ಕೂತರು. ಮಾರಿಬಿಟ್ಟಿದ್ದಾಳೆ. ಯಾವತ್ತೋ ಬೆಲೆ ಏರಿದ ಒಂದು ದಿನ ಗುಟ್ಟಾಗಿ ಮಾರಿ, ಹಣ ಬದಲಾಯಿಸುವವರ ಬುದ್ಧಿ ತೋರಿಸಿಬಿಟ್ಟಿದ್ದಾಳೆ. ಇಷ್ಟು ಭಾನುವಾರ ತಾವು ಎದೆಗವಚಿಕೊಂಡು ಮಲಗಿದ್ದು ಇಸ್ತ್ರಿಪೆಟ್ಟಿಗೆಯನ್ನು.

ಕೇಳೋಣವೆಂದರೆ ಬಾಯಿ ಕಟ್ಟಿತ್ತು. ಪೆಟ್ಟಿಗೆಯಲ್ಲಿ ಇಸ್ತ್ರಿ ಹೇಗೆ ಬಂತು ಎಂದರೆ, ಸೀಲು ಒಡೆಯದೆ ನಿಮಗೆ ಹೇಗೆ ಕಂಡಿತು ಎಂಬ ಪ್ರಶ್ನೆ ತಿರುಗಿ ಬರುತ್ತದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎಲ್ಲವನ್ನೂ ಇದ್ದ ಹಾಗೆ ಅಂಟಿಸಿಟ್ಟು, ಸಂಜೆ ಚಹಾದ ಹೊತ್ತಿಗೆ ಬಳಸುದಾರಿಯಿಂದ ಹೊರಟರು.

“ಏನೇ, ನಮ್ಮ ಹಣ ಇನ್ನೇನು ಚೇತರಿಸ್ಕೊಳ್ಳುತ್ತಂತೆ. ಬೆಲೆ ಇಳಿದ್ರೂ ಇಳೀಬಹುದು. ಕ್ಯಾಮೆರಾ ಮಾರಿಬಿಡೋಣ.”

ಹೆಂಡತಿಯ ಬಟ್ಟಲು ತುಟಿಯ ಹತ್ತಿರವೇ ನಿಂತಿತು. “ಮಾರೋದಾ? ಇಂಥದ್ದು ಏರೋದೇ ಹೊರತು ಇಳಿಯೋದಿಲ್ಲ ಅಂದೋರು ನೀವೇ.”

“ಅಂದಿದ್ದೆ. ಆದ್ರೂ ಲಾಭ ಬಂದಾಗ ಕೈಗೆ ತಗೋಬೇಕು.”

“ಬೇಡಪ್ಪ. ಅವರ ಹಣ ಮುಂದಿನ ತಿಂಗಳು ಇನ್ನೂ ಏರುತ್ತೆ.”

“ಇಳಿಯುತ್ತೆ.”

“ಬೋರ್ಡ್ ಬರೆಯೋಳು ನಾನು. ಏರುತ್ತೆ.”

“ಹೋಗಲಿ, ಪೆಟ್ಟಿಗೆ ತೆಗೆದು ಒಂದ್ಸಲ ಒಳಗೆ ನೋಡೋಣ. ಗಾಜಿಗೆ ಬೂಷ್ಟು ಹಿಡಿದಿದ್ರೆ?”

“ಸೀಲ್ ಒಡೆಯೋದಾ? ನಾಲ್ಕರಲ್ಲೊಂದು ಪಾಲು ಹೋಗುತ್ತೆ ರೀ. ಹೂಡಿಕೆ ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ವಾ?”

ಹದಿನಾಲ್ಕು ತಿಂಗಳಲ್ಲಿ ಇಬ್ಬರೂ ಎಂಥ ಜಾಗ ಬದಲಾಯಿಸಿಕೊಂಡಿದ್ದರು. ತಾಯಿ ಮೂಲೆಯ ಕುರ್ಚಿಯಿಂದ, “ಬೂಷ್ಟು ಹಿಡಿಯಲ್ಲ ಕಣೋ, ಒಳಗೆ ಬೆಚ್ಚಗಿದೆ” ಎಂದರು. ಸೊಸೆಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಕೆಮ್ಮು ಅಷ್ಟು ಹೊತ್ತು ಯಾಕೆ ಬಂತು ಎಂದು ಯೋಚಿಸುವ ಸ್ಥಿತಿಯಲ್ಲಿ ಯಜಮಾನರು ಇರಲಿಲ್ಲ.

ಮಾರನೆಯ ದಿನ ಬಿಳಿಗವಸಿನ ಅಂಗಡಿಗೆ ಹೋದರು. ಸೀಲು ಒಡೆಯದ ಪೆಟ್ಟಿಗೆ ಯಾರಾದರೂ ಮಾರಲು ತಂದಿದ್ದರೇ ಎಂದು ವಿಚಾರಿಸಿದರೆ, ಈ ಊರಲ್ಲಿ ಯಾರೂ ತಂದಿಲ್ಲ ಎಂದರು ಬಿಳಿಗವಸು. ಹಾಗಾದರೆ ಬೇರೆ ಊರಿನಲ್ಲಿ ಮಾರಿದ್ದಾಳೆ. ಹೊಸದರ ಬೆಲೆ ಈಗ ಎಷ್ಟು ಎಂದರು. ಬಿಳಿಗವಸು ಹೇಳಿದರು, ಬರುವ ಒಂದನೇ ತಾರೀಕಿನಿಂದ ಮತ್ತೆ ನೂರಕ್ಕೆ ಎಂಟರಷ್ಟು ಏರುತ್ತದೆ ಎಂದೂ ಸೇರಿಸಿದರು. ಈಗ ಅದು ಹನ್ನೆರಡು ತಿಂಗಳ ಗಳಿಕೆ. ಇನ್ನು ಈ ಆಸೆ ಮಣ್ಣಿಗೇ ಎಂದು ತಿಳಿದು ಯಜಮಾನರು ಮನೆಗೆ ಬಂದು, ಕೂಗುವ ನಲ್ಲಿಯ ಚಿತ್ರವೊಂದನ್ನು ಫೋನಿನಲ್ಲೇ ತೆಗೆದು ಹನ್ನೆರಡನೇ ಸಲ ಸ್ಪರ್ಧೆಗೆ ಕಳಿಸಿದರು. ಆ ನಲ್ಲಿಯ ಮೇಲೆ ಅವರಿಗೆ ಈಗ ಒಂಥರಾ ಬಂಧುತ್ವ ಬಂದಿತ್ತು.

ಪ್ರದರ್ಶನದ ದಿನ ಬಂತು. ಬೇಡವೆಂದರೂ ಹೆಂಡತಿ ಇಸ್ತ್ರಿ ಮಾಡಿಸಿದ ಅಂಗಿ ತೊಡಿಸಿ ಕರೆದುಕೊಂಡು ಹೋದಳು, ತಾಯಿಯೂ ಜೊತೆಗೆ ಹೊರಟರು. (ಅಂಗಿಯ ಇಸ್ತ್ರಿ ಕಂಡು ಅವರು ಮುಖ ಆಚೆ ತಿರುಗಿಸಿಕೊಂಡರು.) ಗ್ರಂಥಾಲಯದ ಉದ್ದ ಕೋಣೆಯಲ್ಲಿ ಓದುವ ಮೇಜುಗಳನ್ನು ಗೋಡೆಗೆ ಸರಿಸಿ ಚಿತ್ರಗಳನ್ನು ತೂಗುಹಾಕಿದ್ದರು. ನಲ್ಲಿಯ ಚಿತ್ರ ಬಾಗಿಲ ಹಿಂದೆ ಇತ್ತು, ಬಾಗಿಲು ಮುಚ್ಚಿದಾಗ ಮಾತ್ರ ಕಾಣುತ್ತಿತ್ತು. ಒಳಗಡೆಯ ಗೋಡೆಯಲ್ಲಿ ಎಲ್ಲಕ್ಕಿಂತ ದೊಡ್ಡದೊಂದು ಚಿತ್ರ, ಅದರ ಮುಂದೆ ಜನವೋ ಜನ. ಯಜಮಾನರು ಹಿಂದಿನಿಂದ ಕತ್ತು ನೀಳ ಮಾಡಿ ನೋಡಿದರು. ಕಿಟಕಿಯ ಬೆಳಕು ಸೋಫಾದ ಮೇಲೆ ಎಷ್ಟು ಮೆತ್ತಗೆ ಇಳಿದಿತ್ತೆಂದರೆ ಅವರ ಮೈ ಜುಮ್ಮೆಂದಿತು. ಅವರಿಗೆ ಆ ಗಾಜು ಗುರುತು ಸಿಕ್ಕಿತು.

“ನೋಡಿದ್ರಾ, ಇದು ಆ ಕ್ಯಾಮೆರಾದಲ್ಲೇ ತೆಗೆದಿದ್ದು,” ಎಂದರು ಪಕ್ಕದಲ್ಲಿದ್ದ ಅಪರಿಚಿತರಿಗೆ. “ಆ ಬೆಳಕು ಬೇರೆ ಯಾವ ಗಾಜಿಗೂ ಬರಲ್ಲ ಸಾರ್. ತೆಗೆದೋರು ಭಾಗ್ಯವಂತರು. ಯಾರೋ ಬೆಪ್ಪ ಬಾಯಿ ತೆರ್ಕೊಂಡು ಮಲಗಿದಾನೆ, ಆದ್ರೂ ಅವನಲ್ಲೂ ಏನೋ ಒಂದು ಕಳೆ ಬಂದಿದೆ.”

ಆ ಅಪರಿಚಿತರು ಚಿತ್ರ ನೋಡಿದರು. ಯಜಮಾನರನ್ನು ನೋಡಿದರು. ಮತ್ತೆ ಚಿತ್ರ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟರು.

ಬೆಪ್ಪನ ಕನ್ನಡಕ ಹಣೆಗೇರಿತ್ತು. ಒಂದು ಕಾಲಿನ ಚಪ್ಪಲಿ ಬೆರಳ ತುದಿಯಲ್ಲಿ ಜೋಲುತ್ತಿತ್ತು. ಎರಡೂ ತೋಳುಗಳಲ್ಲಿ ಹಸುಗೂಸನ್ನು ಅಪ್ಪಿದ ಹಾಗೆ ಬೂದುಬಣ್ಣದ ಪೆಟ್ಟಿಗೆಯನ್ನು ಅಪ್ಪಿಕೊಂಡಿದ್ದ, ಸೀಲು ಎದ್ದು ಕಾಣುತ್ತಿತ್ತು. ಚಿತ್ರದ ಕೆಳಗೆ ಅಚ್ಚಿನ ಅಕ್ಷರದಲ್ಲಿ ‘ಹೂಡಿಕೆ — ಮೊದಲ ಬಹುಮಾನ’ ಎಂದಿತ್ತು. ಅದರ ಕೆಳಗೆ ಹೆಂಡತಿಯ ಹೆಸರಿತ್ತು.

ಯಜಮಾನರು ಹೆಂಡತಿಯನ್ನು ಪುಸ್ತಕದ ಕಪಾಟಿನ ಮರೆಗೆ ಕರೆದರು. “ಯಾವತ್ತು ಒಡೆದೆ ಸೀಲನ್ನ?”

“ಒಳಗೆ ಇಸ್ತ್ರಿ ಇರೋದು ನೀವು ಯಾವತ್ತು ನೋಡಿದ್ರಿ?”

“ನಾನು ಇಸ್ತ್ರಿ ಅಂತ ಹೇಳೇ ಇಲ್ವಲ್ಲ.”

“ಪೇಟೆಯಿಂದ ಬಂದಾಗ ಮನೆಯೆಲ್ಲ ಬಿಸಿ ಅಂಟಿನ ವಾಸನೆ ಹೊಡೀತಿತ್ತು ರೀ. ನನಗೆ ಆ ವಾಸನೆ ಗೊತ್ತಾಗಲ್ವಾ? ಅತ್ತೆ ಹೋದ ವರ್ಷ, ಕನ್ನಡಕದ ಕಾಲು ಸಡಿಲ ಅಂತ ನಿಮ್ಮ ಅಂಗಡಿಯಿಂದ ಆ ಯಂತ್ರ ಎರಡು ದಿನ ತಂದಿಟ್ಕೊಂಡಿದ್ರಲ್ಲ.”

ಎಲ್ಲ ಹೊರಬಂತು. ಪೆಟ್ಟಿಗೆ ಬಂದ ಮೂರನೇ ವಾರವೇ, ಅಷ್ಟು ದುಡ್ಡು ಕೊಟ್ಟು ಅದೇನು ತಂದಿದ್ದಾನೋ ಒಂದು ಸಲ ನೋಡೋಣ ಕಣಮ್ಮ ಎಂದಿದ್ದರಂತೆ ಅತ್ತೆ. ನೋಡಿ ಹಾಗೇ ಮುಚ್ಚಿಡಬೇಕೆಂದೇ ಇದ್ದಳಂತೆ ಸೊಸೆ. “ಕ್ಯಾಮೆರಾದಲ್ಲಿ ಅತ್ತೆ ಮುಖ ಹಿಡಿದು ನೋಡಿದೆ,” ಎಂದಳು. ಅವಳ ದನಿ ಸ್ವಲ್ಪ ಇಳಿಯಿತು. “ಹದಿನಾರು ವರ್ಷದಿಂದ ಆ ಗಾಜಿನ ಹಿಂದೆ ಕೂತಿದೀನಿ. ಕಿಂಡಿಯಿಂದ ಒಳಗೆ ಬರೋದು ಜನರ ಕೈ ಮಾತ್ರ. ಮುಖ ಯಾರು ನೋಡ್ತಾರೆ? ಇದರಲ್ಲಿ ನೋಡಿದ್ರೆ ಬಿಡೋಕೇ ಮನಸ್ಸು ಬರಲಿಲ್ಲ. ನಿಮಗೆ ಹೇಳಿದ್ರೆ ಕಿತ್ಕೋತೀರ ಅಂತ ಹೇಳಲಿಲ್ಲ. ತಪ್ಪಾಯ್ತು.”

“ನಾಲ್ಕರಲ್ಲಿ ಒಂದು ಪಾಲು?”

“ಮಾರೋರಿಗೆ ತಾನೆ ಅದು.”

ಯಜಮಾನರು ಕೋಪ ಮಾಡಿಕೊಳ್ಳಲು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಆಗಲಿಲ್ಲ. ಕ್ಯಾಮೆರಾ ಮನೆಯಲ್ಲೇ ಇದೆ, ಮಾರಿಲ್ಲ, ಬೇರೆಯವರ ಕೈ ಸೇರಿಲ್ಲ ಎಂಬ ಸಂತೋಷವೇ ಎದೆ ತುಂಬಿ ಬಂತು. ಹೆಂಡತಿಗೆ ಬಂದ ಬಹುಮಾನದ ಮೇಲೆ ಹೆಮ್ಮೆಯೂ ಆಯಿತು, ಸ್ವಲ್ಪ ಹೊಟ್ಟೆಯುರಿಯೂ ಆಯಿತು. ಎರಡೂ ಎಷ್ಟೆಷ್ಟು ಎಂದು ಅಳೆಯಲು ಅವರ ಅಂಗಡಿಯಲ್ಲಿ ಸಾಧನವಿಲ್ಲ. ಹೆಂಡತಿ ದೊಡ್ಡ ಚೀಲದಿಂದ ಕ್ಯಾಮೆರಾ ತೆಗೆದು ಅವರ ಕುತ್ತಿಗೆಗೆ ಹಾಕಿದಳು. “ತಗೊಳ್ಳಿ. ಬಹುಮಾನ ಹಿಡ್ಕೊಂಡು ನಿಲ್ತೀನಿ, ನೀವೇ ಒಂದು ಚಿತ್ರ ತೆಗೀರಿ.”

ಇಡೀ ಕೋಣೆ ತಿರುಗಿ ನೋಡಿತು. ಚಿತ್ರದಲ್ಲಿದ್ದ ಬೆಪ್ಪ ಸಾಕ್ಷಾತ್ತಾಗಿ ಕ್ಯಾಮೆರಾ ಹಿಡಿದು ನಿಂತಿದ್ದಾನೆಂದರೆ ಯಾರು ನೋಡುವುದಿಲ್ಲ? ಯಜಮಾನರು ಕ್ಯಾಮೆರಾದ ಪಟ್ಟಿ ಸರಿಮಾಡಿಕೊಂಡರು. ಇಪ್ಪತ್ತು ವರ್ಷ ಕಾದ ಗಳಿಗೆ ಇದು. ಸುತ್ತ ನಿಂತವರಿಗೆ ಅವರು ಈ ಕ್ಯಾಮೆರಾದ ಮಹಿಮೆಯನ್ನು ಸಂಕ್ಷಿಪ್ತವಾಗಿ ಬಣ್ಣಿಸಿದರು. ಸಾಮಾನ್ಯ ಯಂತ್ರಗಳಲ್ಲಿ ನೋಡುವುದೂ ತೆಗೆಯುವುದೂ ಒಂದೇ ಗಾಜಿನ ಮೂಲಕ. ಇದರಲ್ಲಿ ನೋಡಲು ಮೇಲೊಂದು ಬೇರೆ ಕಿಂಡಿ, ತೆಗೆಯಲು ಮುಂದಿನ ಗಾಜು. ಹಿಂಬದಿಯ ಪರದೆ ನೋಡಿ ತೆಗೆಯುವುದು ಎಳಸುಗಳ ಕೆಲಸ, ಬಲ್ಲವರು ಕಿಂಡಿಯಲ್ಲೇ ನೋಡುತ್ತಾರೆ. ಚಿತ್ರ ನೋಡಲು ಬಂದಿದ್ದ ಬಿಳಿಗವಸು ಕೂಡ ತಲೆದೂಗಿದರು.

ಯಜಮಾನರು ಒಂದು ಮೊಣಕಾಲೂರಿದರು. ಕಿಂಡಿಯಲ್ಲಿ ಹೆಂಡತಿ ಸ್ಫಟಿಕದಷ್ಟು ನಿಚ್ಚಳವಾಗಿ ಕಂಡಳು. “ಗದ್ದ ಮೇಲೆ. ಸ್ವಲ್ಪ ಎಡಕ್ಕೆ. ಅಷ್ಟು ನಗಬೇಡ, ಗಂಭೀರವಾಗಿರು” ಎಂದು ಒಮ್ಮೆ ಒತ್ತಿದರು. ಕಿಟಕಿಯ ಪರದೆ ಸರಿಸಲು ಹೇಳಿ ಇನ್ನೊಮ್ಮೆ ಒತ್ತಿದರು. ಜನರನ್ನು ಹಿಂದೆ ಸರಿಸಿ ಮೂರನೇ ಸಲ ಒತ್ತಿದರು. ಪ್ರತಿ ಸಲ ಆ ಸಣ್ಣ, ಮೃದುವಾದ ಕ್ಲಿಕ್ ಸದ್ದಿಗೆ ಅವರ ಜೀವ ತಂಪಾಯಿತು. ಎದ್ದು ನಿಂತು, ಎಲ್ಲರಿಗೂ ಕಾಣುವ ಹಾಗೆ ಹಿಂಬದಿಯ ಪರದೆಯನ್ನು ತಿರುಗಿಸಿದರು. ಮೊದಲನೆಯ ಚಿತ್ರ ಕಡುಗಪ್ಪು. ಎರಡನೆಯದೂ ಕಪ್ಪು. ಮೂರನೆಯದು, ಪರದೆ ಸರಿಸಿದ್ದರೂ, ಅಷ್ಟೇ ಕಪ್ಪು.

“ಬೂಷ್ಟು ಹಿಡಿದಿದೆ,” ಎಂದರು ಯಜಮಾನರು.

“ಮುಂದಿನ ಮುಚ್ಚಳ ತೆಗೆದು ತೆಗಿಯೋ ಅಪ್ಪಾ,” ಎಂದರು ತಾಯಿ.

ಗ್ರಂಥಾಲಯದಲ್ಲಿ ಸದ್ದು ಮಾಡಬಾರದೆಂಬ ಫಲಕದ ಕೆಳಗೇ ಇಡೀ ಕೋಣೆ ಗೊಳ್ಳೆಂದಿತು. ಹೆಂಡತಿ ಬಹುಮಾನದ ಫಲಕ ಹಿಡಿದು ಬಗ್ಗಿ ಬಗ್ಗಿ ನಗುತ್ತಿದ್ದಳು, ಬಿಳಿಗವಸು ಗವಸಿನಿಂದಲೇ ಕಣ್ಣೊರೆಸಿಕೊಂಡರು. ಯಜಮಾನರು ಮುಂದಿನ ಗಾಜಿನ ಮುಚ್ಚಳ ಕಿತ್ತು ಕೈಯಲ್ಲಿ ಹಿಡಿದು ಅದನ್ನೇ ನೋಡಿದರು, ಆಮೇಲೆ ಅವರಿಗೂ ತಡೆಯಲಾಗಲಿಲ್ಲ. ಕನ್ನಡಕ ಹಣೆಗೇರುವಷ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕುಬಿಟ್ಟರು. ಅಷ್ಟರಲ್ಲಿ ಕುತ್ತಿಗೆ ಹಗುರವಾದಂತಾಯಿತು. ಕಣ್ಣೊರೆಸಿಕೊಂಡು ನೋಡಿದರೆ ಹೆಂಡತಿ ಆಗಲೇ ಮೂರು ಹೆಜ್ಜೆ ಹಿಂದೆ ಸರಿದು, ಕಿಂಡಿಗೆ ಕಣ್ಣಿಟ್ಟು, ಅವರತ್ತ ಗುರಿ ಹಿಡಿದಿದ್ದಳು. ಕ್ಲಿಕ್ ಎಂಬ ಆ ಸಣ್ಣ ಸದ್ದಾಯಿತು. ಯಜಮಾನರ ಕೈಯಲ್ಲಿ ಉಳಿದದ್ದು ಮುಚ್ಚಳ ಒಂದೇ.